ಭಾವನ ಸೊಂಟದ ಭಾರ

ಭಾವನಿಗೆ ರಿವಾಲ್ವರ್ ಲೈಸೆನ್ಸ್ ಸಿಕ್ಕಿದೆ. ಅಡಿಕೆ ವ್ಯಾಪಾರ, ದುಡ್ಡು ಇಟ್ಟುಕೊಂಡು ರಾತ್ರಿ ಶಿರಸಿಯಿಂದ ಕುಮಟೆಗೆ ದೇವಿಮನೆ ಘಾಟಿ ಇಳಿಯಬೇಕು. ಹೆದರಿಕೆ ಇರುತ್ತೆ ಅಲ್ವಾ. ಯಾವುದು ತಗೊಳ್ಳಲಿ ಅಂತ ನಿನ್ನೆ ಶಿರಸಿ ಮನೆಗೆ ಬಂದು ಕೇಳಿದ.

2014ರಲ್ಲಿ ಬಂದ ಕಾನ್ಪುರದ ‘ನಿರ್ಭೀಕ್’ ರಿವಾಲ್ವರ್ ಅವನ ಮನಸ್ಸಲ್ಲಿದೆ. ನಳಿಗೆಯ ಅಳತೆ .32 ಬೋರ್, ಆರು ಗುಂಡು, ತೂಕ ಸುಮಾರು ಅರ್ಧ ಕೆಜಿ. ಆಯಿ ಒಳಗಿಂದ ಅರ್ಧ ಕೆಜಿ ಬೆಲ್ಲದ ಪೊಟ್ಟಣ ತಂದಳು. ಭಾವ ಅದನ್ನು ಸೊಂಟಕ್ಕೆ ಸಿಕ್ಕಿಸಿ ಬೈಕ್ ಮೇಲೆ ಕೂತ. ಬಗ್ಗಿದಾಗ ಅಂಗಿ ಉಬ್ಬಿ ಎದ್ದು ಕಂಡಿತು.

ಚಿಕ್ಕದಾದಷ್ಟು ಬಚ್ಚಿಡೋದು ಸುಲಭ. ಆದರೆ ಹಗುರವಾದಷ್ಟು ಕೈಗೆ ಒದೆತ ಜಾಸ್ತಿ, ನಳಿಗೆ ಗಿಡ್ಡ ಆದಷ್ಟು ಗುರಿ ಹಿಡಿಯೋದು ಕಷ್ಟ. ಕುಮಟೆಯ ಬೆವರು, ನಮ್ಮ ಮಳೆ ಎರಡಕ್ಕೂ ಕಬ್ಬಿಣ ತುಕ್ಕು ಹಿಡಿಯುತ್ತೆ. ದಿನಾ ಒರೆಸಿ ಎಣ್ಣೆ ಹಚ್ಚಬೇಕು. ಕೊಳ್ಳುವ ಮೊದಲು ಹೊಡೆಯೋದು ಸರಿಯಾಗಿ ಕಲಿ ಅಂದೆ.

ಅಪ್ಪಯ್ಯನ ತೋಟದ ಕೋವಿ ಗೋಡೆ ಮೇಲೆ ಇರುತ್ತಿತ್ತು. ಚುನಾವಣೆ ಬಂದರೆ ಠಾಣೆಗೆ ಹೋಗುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ವಸ್ತು ಅದು. ಇದು ಹಾಗಲ್ಲ, ಅಂಗಿಯೊಳಗೆ ಇರೋದು. ಭಾವನ ಮಗಳಿಗೆ ಇನ್ನೂ ಆರು ವರ್ಷ. ಮನೆಗೆ ಬಂದ ಕೂಡಲೇ ಅಪ್ಪನ ಸೊಂಟ ತಬ್ಬಿಕೊಳ್ಳುತ್ತಾಳೆ.