ಮೊದಲು ಕೈ ಬೆಚ್ಚಗಿರಲಿ

ಕಾಲೇಜು ಅಂದರೆ ನನಗೆ ಮೊದಲು ನೆನಪಾಗುವುದು ಅಂಗೈ ಉಜ್ಜಿಕೊಳ್ಳುವ ಸದ್ದು. ಓಬಿಜಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಷಯ, ಕಲಿಸುತ್ತಿದ್ದ ನಮ್ಮ ಮೇಡಂ ಗರ್ಭಿಣಿಯ ಹೊಟ್ಟೆ ಮುಟ್ಟುವ ಮುಂಚೆ ಪ್ರತಿ ಸಲ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ತಣ್ಣನೆ ಕೈ ತಾಗಿದರೆ ಹೊಟ್ಟೆ ಬಿಗಿಯಾಗುತ್ತದೆ. ಆಮೇಲೆ ಮಗುವಿನ ತಲೆ ಎಲ್ಲಿ, ಬೆನ್ನು ಯಾವ ಕಡೆ, ಏನೂ ಸಿಗುವುದಿಲ್ಲ. "ಮೂತ್ರಕ್ಕೆ ಹೋಗಿ ಬಂದ್ರಾ ಅಮ್ಮಾ?" ಅಂತ ಕೇಳದೆ ಅವರು ಪರೀಕ್ಷೆ ಶುರು ಮಾಡಿದ್ದನ್ನು ನಾನು ನೋಡಿಲ್ಲ.

ಲೇಬರ್ ವಾರ್ಡಿನ ಮೊದಲ ವಾರ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವ ಫೀಟೋಸ್ಕೋಪ್ ಇಟ್ಟು ಎಣಿಸಿ, "92 ಮೇಡಂ" ಅಂದುಬಿಟ್ಟೆ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ನನ್ನ ದನಿ ನಡುಗಿದ್ದು ಕೇಳಿ ಆ ತಾಯಿಯ ಮುಖ ಬಿಳಿಚಿಕೊಂಡಿತು. ಮೇಡಂ ಮಾತಾಡಲಿಲ್ಲ. ನನ್ನ ಎಡಗೈ ಹಿಡಿದು ತಾಯಿಯ ಮಣಿಕಟ್ಟಿನ ಮೇಲಿಟ್ಟರು. "ಈಗ ಎಣಿಸು." ಕಿವಿಯಲ್ಲಿದ್ದ ಬಡಿತ, ಬೆರಳಿನ ಕೆಳಗಿನ ಬಡಿತ, ಎರಡೂ ಒಂದೇ! ನಾನು ಕೇಳಿದ್ದು ತಾಯಿಯ ನಾಡಿ. ಫೀಟೋಸ್ಕೋಪನ್ನು ಮಗುವಿನ ಬೆನ್ನಿನ ಕಡೆಗೆ ಸರಿಸಿದಾಗ 140 ಸಿಕ್ಕಿತು. ಮೇಡಂ ಮೊದಲು ತಾಯಿಗೆ ಹೇಳಿದರು, "ಮಗು ಚೆನ್ನಾಗಿದೆ ಕಣಮ್ಮಾ." ನನಗೆ ಹೇಳಿದ್ದು ಹೊರಗೆ ಬಂದ ಮೇಲೆ: "ನಂಬರ್ ಹೇಳೋ ಮುಂಚೆ ಅದು ಯಾರದ್ದು ಅಂತ ಖಾತ್ರಿ ಮಾಡ್ಕೋಬೇಕು."

ಹುಟ್ಟಿದ ಮಗುವಿನ ವಿಷಯದಲ್ಲೂ ಅಷ್ಟೇ. ಡಾಕ್ಟರ್ ವರ್ಜೀನಿಯಾ ಅಪ್ಗಾರ್ ಆಗಷ್ಟೇ ಹುಟ್ಟಿದ ಮಗು ಹೇಗಿದೆ ಎಂದು ಅಳೆಯಲು 1952ರಲ್ಲಿ ರೂಪಿಸಿದ ಸ್ಕೋರನ್ನು 1ನೇ ನಿಮಿಷಕ್ಕೆ, 5ನೇ ನಿಮಿಷಕ್ಕೆ ಹಾಕುವುದನ್ನು ಎಲ್ಲರೂ ಬಾಯಿಪಾಠ ಮಾಡಿದ್ದೆವು. ಮೇಡಂ ಕಲಿಸಿದ್ದು ನೋಡುವುದನ್ನು. ಮೊದಮೊದಲು ಅಂಗೈ, ಅಂಗಾಲು ನೀಲಿ ಇದ್ದರೆ ಗಾಬರಿ ಬೇಡ, ತುಟಿ ನಾಲಿಗೆ ನೀಲಿಯಾದರೆ ಒಂದು ಕ್ಷಣವೂ ತಡ ಮಾಡಬಾರದು. ಉಸಿರನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಅವರಿಗೆ ತುಂಬಾ ಕೋಪ ಬರುತ್ತಿತ್ತು. ಎಳೆಮಗು ಒಂದೇ ಸಮನೆ ಉಸಿರಾಡುವುದಿಲ್ಲ. ಸ್ವಲ್ಪ ನಿಲ್ಲಿಸಿ ಮತ್ತೆ ಬೇಗ ಬೇಗ ಎಳೆದುಕೊಳ್ಳುತ್ತದೆ. ಪೂರ್ತಿ ಒಂದು ನಿಮಿಷ, ಹೊಟ್ಟೆ ಏರಿಳಿಯುವುದನ್ನು ನೋಡುತ್ತಾ ಎಣಿಸಬೇಕು. ಅದೂ ಮಗುವನ್ನು ತಾಯಿಯ ಎದೆಯ ಮೇಲಿಂದ ಎತ್ತದೆ. ಆ ಬಿಸುಪಿಗಿಂತ ಒಳ್ಳೆಯ ಜಾಗ ಮಗುವಿಗೆ ಬೇರೆ ಇದೆಯಾ?

ಈಗ ನಮ್ಮ ವಾರ್ಡಿನಲ್ಲಿ ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇದೆ, ಮಾನಿಟರ್ ಇದೆ. ಆದರೆ ಮಾನಿಟರ್ ಕೂಡ ಕೆಲವೊಮ್ಮೆ ತಾಯಿಯ ಬಡಿತವನ್ನೇ ಮಗುವಿನದು ಅಂತ ತೋರಿಸುತ್ತದೆ. ಹಾಗಾಗಿ ಪರದೆಯ ಮೇಲೆ ನಂಬರ್ ಮೂಡುತ್ತಿದ್ದ ಹಾಗೇ ನನ್ನ ಎಡಗೈ ತಾಯಿಯ ಮಣಿಕಟ್ಟು ಹುಡುಕುತ್ತದೆ.