ನಿಪ್ಪಲ್‌ನಲ್ಲಿ ಸಿಕ್ಕಿಕೊಂಡ ಅರಿಶಿನ

ಕೋಳಿಮರಿ ತಂದ ಹದಿನೆಂಟನೇ ದಿನ ಬೆಳಿಗ್ಗೆ ಶೆಡ್‌ನ ಪರದೆ ಎತ್ತಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಮರಿಗಳೆಲ್ಲ ನೀರಿನ ಲೈನ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ದವು. ಕೊಕ್ಕು ತೆರೆದು ಏದುಸಿರು. ಕೊಕ್ಕಿನಿಂದ ಒತ್ತಿದರೆ ನೀರು ತೊಟ್ಟಿಕ್ಕುವ ನಿಪ್ಪಲ್‌ಗಳು ಆ ಲೈನಿನಲ್ಲಿರುತ್ತವೆ. ಒಂದರ ಪಿನ್ನನ್ನು ಬೆರಳಿನಿಂದ ಒತ್ತಿದೆ. ನೀರು ಬರಲಿಲ್ಲ. ಇನ್ನೊಂದು, ಮತ್ತೊಂದು. ನಾಲ್ಕನೆಯದನ್ನು ಬಿಚ್ಚಿದರೆ ಒಳಗೆ ಹಳದಿ ಗಸಿ!

ತಪ್ಪು ನನ್ನದೇ. ಹಿಂದಿನ ಸಂಜೆ ಅರ್ಧ ಕೆಜಿ ಅರಿಶಿನ ಪುಡಿಯನ್ನು ಟ್ಯಾಂಕಿಗೆ ಸುರಿದು ಕೋಲಿನಿಂದ ಕಲಕಿ ಬಂದಿದ್ದೆ. ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಸಾರಿನ ಪಾತ್ರೆಯಲ್ಲಿ ದಿನಾ ನೋಡುತ್ತೇನೆ, ಆದರೂ ಹೊಳೆಯಲಿಲ್ಲ. ಮಾರ್ಚ್ ತಿಂಗಳ ಸೆಕೆ ಬೇರೆ. ಪಕ್ಕದ ಮನೆಯಿಂದ ಬೆಲ್ ಡ್ರಿಂಕರ್ (ಗಂಟೆಯಾಕಾರದ ನೀರಿನ ಪಾತ್ರೆ) ಎರವಲು ತಂದು, ಲೈನ್ ತೊಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಅಷ್ಟರಲ್ಲಿ ಇಪ್ಪತ್ತಮೂರು ಕೋಳಿ ಹೋಗಿದ್ದವು.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತೀರಾ? ಕಂಪನಿಯ ಕಾಂಟ್ರಾಕ್ಟ್ ಬಿಟ್ಟು ಸ್ವಂತವಾಗಿ ಆರುನೂರು ಮರಿ ಸಾಕಲು ಶುರು ಮಾಡಿದಾಗ ನಾವೂ ಮೊದಲ ಐದು ದಿನ ನೀರಿಗೆ ಆಂಟಿಬಯೋಟಿಕ್ ಹಾಕುತ್ತಿದ್ದೆವು. ರೋಗ ಬಂದಿದೆ ಅಂತಲ್ಲ, ಬರಬಾರದು ಅಂತ. ಯುರೋಪಿನಲ್ಲಿ ಬೆಳವಣಿಗೆಗೋಸ್ಕರ ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು 2006ರಲ್ಲೇ ನಿಲ್ಲಿಸಿದರು. ನಮ್ಮಲ್ಲಿ 2019ರಲ್ಲಿ ಕೋಲಿಸ್ಟಿನ್ ಎಂಬ ಆಂಟಿಬಯೋಟಿಕ್ ಅನ್ನು ಕೋಳಿ, ದನಗಳಿಗೆ ಕೊಡುವುದು ನಿಷೇಧವಾಯಿತು. ಮನುಷ್ಯರಿಗೆ ಬೇರಾವ ಔಷಧವೂ ಹಿಡಿಯದಿದ್ದಾಗ ಕೊಡುವ ಮದ್ದು ಅದು. ಸುಮ್ನೆ ಮರಿಗೆ ಕುಡಿಸುವುದೇ? ಅದಕ್ಕೇ ಆಂಟಿಬಯೋಟಿಕ್ ಬಿಟ್ಟು ಅರಿಶಿನ ಹಿಡಿದೆ.

ಈಗ ಅರಿಶಿನವನ್ನು ಮೇವಿಗೇ ಬೆರೆಸುತ್ತೇನೆ. ಐವತ್ತು ಕೆಜಿ ಮೂಟೆಗೆ ಕಾಲು ಕೆಜಿ. ಒಂದೇ ಸಲ ಸುರಿದರೆ ಒಂದು ಕಡೆ ಹಳದಿ ಗುಡ್ಡೆ, ಇನ್ನೊಂದು ಕಡೆ ಏನೂ ಇಲ್ಲ. ಮೊದಲು ಎರಡು ಕೆಜಿ ಮೇವಿಗೆ ಕೈಯಿಂದ ಉಜ್ಜಿ, ಆಮೇಲೆ ಟಾರ್ಪಾಲಿನ ಮೇಲೆ ಉಳಿದದ್ದಕ್ಕೆ ಸಲಿಕೆಯಲ್ಲಿ ತಿರುವುತ್ತೇನೆ. ಕೊಂಬು ತಂದು ಮಿಲ್‌ನಲ್ಲಿ ಪುಡಿ ಮಾಡಿಸುತ್ತೇನೆ. ಅಗ್ಗದ ಪುಡಿಯಲ್ಲಿ ಬಣ್ಣ ಬೆರೆಸಿರುತ್ತಾರೆ, ಅಲ್ವಾ.

ಮಳೆಗಾಲದಲ್ಲಿ ನೆಲನೆಲ್ಲಿ. ನಮ್ಮ ಕಡೆ ಕಾಮಾಲೆಗೆ ಕೊಡುವ ಗಿಡವೇ. ಮೆಕ್ಕೆಜೋಳಕ್ಕೆ ಬೂಸ್ಟು ಹಿಡಿದರೆ ಅದರ ವಿಷ ಮೊದಲು ತಾಗುವುದು ಕೋಳಿಯ ಪಿತ್ತಜನಕಾಂಗಕ್ಕೆ. ಅದಕ್ಕೇ ನೆರಳಲ್ಲಿ ಒಣಗಿಸಿದ ಗಿಡವನ್ನು ಒಂದು ಹಿಡಿ ಪುಡಿ ಮಾಡಿ ಹಾಕುತ್ತೇನೆ. ಹಾಗಂತ ಬೂಸ್ಟು ಹಿಡಿದ ಜೋಳ ತರುವುದಿಲ್ಲ. ಬೇವು ಒಂದೇ ಬ್ಯಾಚಿಗೆ ಸಾಕಾಯಿತು. ಕಹಿ ಜಾಸ್ತಿ ಆಗಿ ಮೇವೆಲ್ಲ ಫೀಡರ್‌ನಲ್ಲೇ ಉಳಿಯಿತು.

ಇದರಿಂದ ತೂಕ ಏರಿತಾ? ನನ್ನ ತಕ್ಕಡಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮೂವತ್ತೆಂಟನೇ ದಿನಕ್ಕೆ ಎರಡು ಕೆಜಿ ಆಸುಪಾಸು, ಮೊದಲೂ ಅಷ್ಟೇ ಇತ್ತು. ಆದರೆ ಹಿಕ್ಕೆ ಗಟ್ಟಿಯಾಗಿದೆ, ಕಾಲ ಕೆಳಗಿನ ಭತ್ತದ ಹೊಟ್ಟು ಒಣಗಿರುತ್ತದೆ, ಔಷಧದ ಅಂಗಡಿ ಬಿಲ್ ಇಳಿದಿದೆ. ಇದರಲ್ಲಿ ಅರಿಶಿನದ ಪಾಲೆಷ್ಟು, ದಿನಾ ಹೊಟ್ಟು ಕೆದಕುವ ನನ್ನ ಗಂಡನ ಪಾಲೆಷ್ಟು ಅಂತ ನಮ್ಮಲ್ಲಿ ಜಗಳ ಇನ್ನೂ ಮುಗಿದಿಲ್ಲ.

ರಾಣಿಖೇತ್ ರೋಗಕ್ಕೆ ಹಾಕುವ ಲಸೋಟಾ, ಗಂಬೊರೊ ರೋಗದ ಲಸಿಕೆ ಮಾತ್ರ ಬಿಟ್ಟಿಲ್ಲ. ರಕ್ತ ಬೆರೆತ ಹಿಕ್ಕೆ ಕಂಡರೆ ಬೆಳ್ಳುಳ್ಳಿ ಜಜ್ಜುತ್ತಾ ಕೂರುವುದಿಲ್ಲ, ಸತ್ತ ಕೋಳಿಯನ್ನು ಕವರಿನಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡುತ್ತೇನೆ.

ಗಿರಾಕಿಗಳಿಗೆ ಮಾತ್ರ ಅರಿಶಿನದ ಮೇಲೆ ಭಾರೀ ನಂಬಿಕೆ. ಹೋದ ಭಾನುವಾರ ಒಬ್ಬರು ಕೋಳಿಯ ಹಳದಿ ಕಾಲು ತೋರಿಸಿ, "ನೋಡಿ, ಅರಿಶಿನ ತಿಂದದ್ದು ಗೊತ್ತಾಗುತ್ತೆ" ಅಂದರು. ಅದು ಮೆಕ್ಕೆಜೋಳದ ಬಣ್ಣ ಅಂತ ಹೇಳಿದೆ. ನಂಬಲಿಲ್ಲ. ಎರಡು ಕೋಳಿ ಜಾಸ್ತಿ ತಗೊಂಡು ಹೋದರು.