ಒಟ್ಟು ಮೊತ್ತದ ಹಿಂದೆ ಮರೆಯಾದವರು

ನಾನು ಸ್ವಯಂಸೇವಕನಾಗಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಂಸ್ಥೆ ಮಕ್ಕಳಿಗೆ ಸಂಜೆಯ ಪಾಠಗಳನ್ನು ನಡೆಸುತ್ತಿತ್ತು. ಅಲ್ಲಿ ದತ್ತಾಂಶಕ್ಕೆ ಕೊರತೆಯಿರಲಿಲ್ಲ. ದಾನಿಗಳ ರಶೀದಿ, ಮಕ್ಕಳ ಹಾಜರಿ, ದಾಖಲಾತಿ ಅರ್ಜಿ ಎಲ್ಲವೂ ಇದ್ದವು. ಆದರೆ ಅನುದಾನ ಕೊಟ್ಟವರಿಗೆ ವರದಿ ಬರೆಯುವ ಹೊತ್ತಿಗಷ್ಟೇ ಅವು ಕಪಾಟಿನಿಂದ ಹೊರಬರುತ್ತಿದ್ದವು. ಅಂಥದೊಂದು ವಾರ್ಷಿಕ ವರದಿಯ ಸಿದ್ಧತೆಗೆ ಕುಳಿತ ದಿನ, ದೇಣಿಗೆ ಹೆಚ್ಚಾಗಿದೆಯೆಂದು ಬರೆಯುವ ಮೊದಲು, ಕಳೆದ ವರ್ಷ ಕೊಟ್ಟವರಲ್ಲಿ ಎಷ್ಟು ಮಂದಿ ಈ ವರ್ಷವೂ ಕೊಟ್ಟಿದ್ದಾರೆಂದು ನೋಡೋಣವೆಂದು ಸೂಚಿಸಿದೆ.

ಸಂಯೋಜಕಿಗೆ ಇದು ಅಷ್ಟಾಗಿ ರುಚಿಸಲಿಲ್ಲ. "ಇದೆಲ್ಲ ಕಂಪನಿಗಳು ಮಾಡುವ ಕೆಲಸವಲ್ಲವೇ ಸರ್?" ಎಂದರು. ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು 1858ರಲ್ಲಿ ಅಂಕಿಅಂಶಗಳ ರೇಖಾಚಿತ್ರ ಬರೆದು ತೋರಿಸಿದವರು ದಾದಿಯಾಗಿದ್ದ ಫ್ಲಾರೆನ್ಸ್ ನೈಟಿಂಗೇಲ್ ಎಂದು ನೆನಪಿಸಿದೆ. ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆ.

ಅರ್ಧ ದಿನ ಹೆಸರುಗಳನ್ನು ಸರಿಪಡಿಸುವುದರಲ್ಲೇ ಕಳೆಯಿತು. ಒಬ್ಬರೇ ದಾನಿ ಬೇರೆಬೇರೆ ಕಾಗುಣಿತದಲ್ಲಿ ಹಲವರಾಗಿದ್ದರು. ಫೋನ್ ಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡು ಅವರನ್ನು ಒಂದುಗೂಡಿಸಿದೆವು. ಆಮೇಲಿನ ಕೆಲಸಕ್ಕೆ, ಉದ್ದನೆಯ ಪಟ್ಟಿಯನ್ನು ಗುಂಪುಗಳಾಗಿ ವಿಂಗಡಿಸಿ ಎಣಿಸಿಕೊಡುವ ಎಕ್ಸೆಲ್‌ನ ಪಿವೋಟ್ ಟೇಬಲ್ ಸಾಕಾಯಿತು. ಲೆಕ್ಕವೂ ಸರಳ: ಹಿಂದಿನ ವರ್ಷ 100 ಮಂದಿ ಕೊಟ್ಟು, ಅವರಲ್ಲಿ 40 ಮಂದಿ ಈ ವರ್ಷವೂ ಕೊಟ್ಟಿದ್ದರೆ ಉಳಿಕೆಯ ಪ್ರಮಾಣ ಶೇ. 40. ನಮ್ಮಲ್ಲಿ ಒಂದೇ ಒಂದು ದೊಡ್ಡ ದೇಣಿಗೆಯು ಒಟ್ಟು ಮೊತ್ತವನ್ನು ಏರಿಸಿತ್ತು, ಸಣ್ಣ ದಾನಿಗಳಲ್ಲಿ ಬಹುಪಾಲು ಜನ ಸದ್ದಿಲ್ಲದೆ ದೂರವಾಗಿದ್ದರು. ಅವರಲ್ಲಿ ಅನೇಕರಿಗೆ ರಶೀದಿಯ ಹೊರತು ಬೇರೆ ಪತ್ರವೇ ಹೋಗಿರಲಿಲ್ಲ.

ಇದನ್ನು ಕಂಡ ಮೇಲೆ ಹಾಜರಿ ಪುಸ್ತಕವನ್ನು ಸಂಯೋಜಕಿಯೇ ಎತ್ತಿಕೊಂಡು ಬಂದರು. ತಿಂಗಳ ಸರಾಸರಿ ಹಾಜರಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು, ಅದನ್ನೇ ನಾವು ಸ್ಥಿರತೆ ಎನ್ನುತ್ತಿದ್ದೆವು. ಆದರೆ ಮಕ್ಕಳನ್ನು ಅವರು ಸೇರಿದ ತಿಂಗಳಿಗೆ ಅನುಸಾರವಾಗಿ ಗುಂಪು ಮಾಡಿ, ಪ್ರತಿ ಗುಂಪನ್ನು ಮುಂದಿನ ತಿಂಗಳುಗಳಲ್ಲಿ ಹಿಂಬಾಲಿಸಿದಾಗ ಬೇರೆಯೇ ಚಿತ್ರ ಕಂಡಿತು: ವರ್ಷದ ಆರಂಭದಲ್ಲಿ ಸೇರಿದವರು ಉಳಿದಿದ್ದರು, ನಡುವೆ ಸೇರಿದವರು ಕೆಲವೇ ವಾರಗಳಲ್ಲಿ ಬಿಟ್ಟಿದ್ದರು, ಅವರ ಜಾಗಕ್ಕೆ ಹೊಸಬರು ಬಂದದ್ದರಿಂದ ಸರಾಸರಿ ಮಾತ್ರ ಕದಲಿರಲಿಲ್ಲ. ತರಗತಿ ತುಂಬಿದಂತೆ ಕಾಣುವಾಗ ಬಿಟ್ಟುಹೋದವರ ನೆನಪು ಶಿಕ್ಷಕರಿಗೂ ಬರುವುದಿಲ್ಲ.

ಏಕೆ ಬಿಟ್ಟರೆಂಬುದನ್ನು ಕೋಷ್ಟಕ ಹೇಳಲಾರದು. ದತ್ತಾಂಶ ವಿಶ್ಲೇಷಣೆಯ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಈ ಮಿತಿಯನ್ನು ಬೇಗ ದಾಟಿಬಿಡುತ್ತಾರೆ. ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿ ನಮಗೆ ಸಿಕ್ಕಿತ್ತು, ಅಷ್ಟೇ. ಸಂಯೋಜಕಿ ಮನೆಮನೆಗೆ ಕರೆ ಮಾಡಿದಾಗ ಹೆಚ್ಚಾಗಿ ಕೇಳಿಬಂದ ಉತ್ತರ, ಅರ್ಧಕ್ಕೆ ಬಂದು ಕುಳಿತ ಮಗುವಿಗೆ ಪಾಠ ಅರ್ಥವಾಗುತ್ತಿರಲಿಲ್ಲ ಎಂಬುದು. ತಡವಾಗಿ ಸೇರುವವರಿಗೆ ಮೊದಲ ಕೆಲವು ವಾರ ಪ್ರತ್ಯೇಕ ಪಾಠ ನಡೆಸಬೇಕೆಂದು ಅಲ್ಲಿಯೇ ನಿರ್ಧಾರವಾಯಿತು.

ವರದಿಯಲ್ಲಿ ಒಟ್ಟು ದೇಣಿಗೆಯ ಪಕ್ಕದಲ್ಲೇ ಉಳಿಕೆಯ ಪ್ರಮಾಣವನ್ನೂ ಬರೆಯಲು ಮುಂದಾದಾಗ ಆಡಳಿತ ಮಂಡಳಿಯ ಸದಸ್ಯರೊಬ್ಬರು ಅನುದಾನ ಕೊಡುವವರು ಏನೆಂದುಕೊಂಡಾರೋ ಎಂದು ಹಿಂಜರಿದರು, ಚರ್ಚೆಯ ಬಳಿಕ ಎರಡೂ ಉಳಿದವು. ದಾಖಲಾತಿ ಅರ್ಜಿಯನ್ನೂ ತಿದ್ದಿದೆವು: ಯಾವ ನಿರ್ಧಾರಕ್ಕೂ ಎಂದೂ ಬಳಕೆಯಾಗದ ಪೋಷಕರ ಆದಾಯದ ಅಂಕಣವನ್ನು ತೆಗೆದು, ಹಾಜರಿ ಪುಸ್ತಕಕ್ಕೆ ಪ್ರತಿ ಮಗು ಕೊನೆಯದಾಗಿ ಬಂದ ದಿನಾಂಕದ ಅಂಕಣವನ್ನು ಸೇರಿಸಿದೆವು.